ಪುಟ್ಟ ಮಿಯಾಟಾಗೆ ವಿ8 ಎಂಜಿನ್ ಹಾಕಿಸಿದ ಹತ್ತೊಂಬತ್ತು ತಿಂಗಳು

ಹೋದ ವಾರ ಕಾರಿನ ಹೊಸ ನೋಂದಣಿ ಪತ್ರ ಕೈಗೆ ಬಂತು. ಎಂಜಿನ್ ಸಾಮರ್ಥ್ಯ ಅನ್ನುವ ಜಾಗದಲ್ಲಿ 1597 ಸಿಸಿ ಹೋಗಿ 5665 ಸಿಸಿ ಎಂದು ಅಚ್ಚಾಗಿದೆ. ಆ ಒಂದು ಸಾಲು ಬದಲಾಗಲು ಹತ್ತೊಂಬತ್ತು ತಿಂಗಳು ಹಿಡಿಯಿತು. ಆರು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಎಲ್ಲೆಲ್ಲಿ ತಡವಾಯಿತು, ಯಾವುದು ಗೊತ್ತಿದ್ದರೆ ಬೇಗ ಆಗುತ್ತಿತ್ತು, ಎಲ್ಲಾ ಇನ್ನೂ ತಲೆಯಲ್ಲಿ ಹಸಿಯಾಗಿದೆ. ಇದೇ ದಾರಿ ಹಿಡಿಯುವವರಿಗೆ ಉಪಯೋಗವಾಗಲಿ ಅಂತ ಈಗಲೇ ಬರೆದಿಡುತ್ತಿದ್ದೇನೆ.

ಕಾರು 1990ರ ಮಜ್ದಾ ಎಂಎಕ್ಸ್-5. ಮಿಯಾಟಾ ಅಂತಲೇ ಎಲ್ಲರೂ ಕರೆಯುವುದು. 1989ರಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಾದರಿ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಬೇಕಾದಾಗ ಮೇಲೆದ್ದು ನಿಲ್ಲುವ ಹೆಡ್‌ಲೈಟು. 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ. ತೂಕ ಒಂದು ಟನ್ನಿಗಿಂತ ಕಡಿಮೆ. ಅದನ್ನು ಒಂಬತ್ತು ವರ್ಷ ಹಾಗೇ ಓಡಿಸಿದೆ, ಒಂದು ದಿನವೂ ಬೇಸರ ಬರಲಿಲ್ಲ. ಆಮೇಲೆ ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಇಳಿಯಿತು, ಎಣ್ಣೆ ಸುಡಲು ಶುರುವಾಯಿತು. ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಬೇಕಾ, ಟರ್ಬೊ ಹಾಕಿಸಬೇಕಾ, ಇಲ್ಲಾ ಬೇರೆ ಎಂಜಿನ್ನೇ ಕೂರಿಸಬೇಕಾ ಅನ್ನುವ ಪ್ರಶ್ನೆ ಬಂದದ್ದು ಆಗ. ದುಡ್ಡಿನ ಲೆಕ್ಕ ಮಾತ್ರ ನೋಡುವವರು ರಿಪೇರಿ ಮಾಡಿಸಿ, ಅಥವಾ ಟರ್ಬೊ ಹಾಕಿಸಿ. ಎರಡೂ ಒಳ್ಳೆಯ ದಾರಿಯೇ. ನನಗೆ ಬೇಕಿದ್ದದ್ದು ಕೆಳಗಿನ ಆರ್‌ಪಿಎಂನಲ್ಲೇ ಸಿಗುವ, ಕಾಯಿಸದ ಎಳೆತ. ಅದಕ್ಕೇ ವಿ8, ಅಂದರೆ ವಿ ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರ್ ಇರುವ ಎಂಜಿನ್.

ಆರಿಸಿಕೊಂಡದ್ದು ಅಮೆರಿಕದ ಜನರಲ್ ಮೋಟಾರ್ಸ್ (ಜಿಎಂ) ಕಂಪನಿಯ ಎಲ್ಎಸ್1. 1997ರ ಕಾರ್ವೆಟ್ ಜೊತೆ ಬಂದ 5.7 ಲೀಟರ್ ಎಂಜಿನ್. ಇಷ್ಟು ದೊಡ್ಡದು ಈ ಪುಟ್ಟ ಕಾರಿನಲ್ಲಿ ಹೇಗೆ ಹಿಡಿಸುತ್ತದೆ ಅಂತ ನೋಡಿದವರೆಲ್ಲ ಕೇಳುತ್ತಾರೆ. ಲೀಟರ್ ಲೆಕ್ಕ ಬೇರೆ, ಎಂಜಿನ್‌ನ ಹೊರಗಿನ ಅಳತೆ ಬೇರೆ. ವಾಲ್ವ್ ತೆರೆಸುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಎಲ್ಎಸ್‌ನಲ್ಲಿ ಇರುವುದು ಒಂದೇ, ಅದೂ ಬ್ಲಾಕಿನ ಹೊಟ್ಟೆಯೊಳಗೆ. ಅಲ್ಲಿಂದ ಉದ್ದ ಕಡ್ಡಿಗಳು ಮೇಲೆ ಹೋಗಿ ವಾಲ್ವ್ ತೆರೆಯುತ್ತವೆ. ಹಾಗಾಗಿ ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್‌ಗಳು ಚಿಕ್ಕವು. ನಾಲ್ಕು ಕ್ಯಾಮ್ ಇರುವ ವಿ8 ಲೀಟರ್‌ನಲ್ಲಿ ಚಿಕ್ಕದಿದ್ದರೂ ಅಗಲ ಜಾಸ್ತಿ, ಬಾನೆಟ್ ಕೆಳಗೆ ಕೂರುವುದಿಲ್ಲ. ಇದರ ಬ್ಲಾಕು, ಹೆಡ್ ಎರಡೂ ಅಲ್ಯೂಮಿನಿಯಂ. ಮಿಯಾಟಾದ ಹಳೆ ಎಂಜಿನ್ ಚಿಕ್ಕದಾದರೂ ಅದರ ಬ್ಲಾಕು ಬೀಡುಕಬ್ಬಿಣದ್ದು. ಆದ್ದರಿಂದ ತೂಕದ ವ್ಯತ್ಯಾಸ ಅಂದುಕೊಂಡಷ್ಟು ಆಗುವುದಿಲ್ಲ.

ಇದೇನೂ ಹೊಸ ಹುಚ್ಚಲ್ಲ. 1964ರಲ್ಲಿ ಬಂದ ಸನ್‌ಬೀಮ್ ಟೈಗರ್ ಕೂಡ ಹೀಗೇ ಹುಟ್ಟಿದ್ದು. ಆಲ್ಪೈನ್ ಎಂಬ ಪುಟ್ಟ ತೆರೆದ ಕಾರಿಗೆ ಫೋರ್ಡ್‌ನ 4.3 ಲೀಟರ್ ವಿ8 ತುರುಕಿದರು. ಜಾಗ ಎಷ್ಟು ಇಕ್ಕಟ್ಟು ಅಂದರೆ ಹಿಂದಿನ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನಲ್ಲಿ ಪ್ರತ್ಯೇಕ ಕಿಂಡಿ ಇಟ್ಟಿದ್ದರು. ಇದನ್ನು ಮೊದಲೇ ಓದಿದ್ದೆ. ಎಂಟನೇ ಸಿಲಿಂಡರ್‌ನ ಪ್ಲಗ್ ಬಿಚ್ಚಲು ಕೈ ತೂರಿಸಿದ ದಿನ ಆ ಕಿಂಡಿ ಯಾಕೆ ಬೇಕಾಯಿತು ಅಂತ ಚೆನ್ನಾಗಿ ಅರ್ಥವಾಯಿತು.

ನಾನು ಮಾಡಿದ ಒಂದು ಒಳ್ಳೆ ಕೆಲಸ ಅಂದರೆ, ಎಂಜಿನ್‌ಗೆ ಮುಂಗಡ ಕೊಡುವ ಮೊದಲೇ ನೋಂದಣಿ ಕಚೇರಿಗೆ ಪತ್ರ ಬರೆದು ಕೇಳಿದ್ದು. ನಿಯಮ ಜಾಗದಿಂದ ಜಾಗಕ್ಕೆ ತುಂಬಾ ಬೇರೆ. ಕೆಲವು ಕಡೆ ಬೇರೆ ಮಾದರಿಯ ಎಂಜಿನ್ ಹಾಕಲು ಬಿಡುವುದೇ ಇಲ್ಲ. ಕೆಲವು ಕಡೆ ಕಾರಿನ ವರ್ಷಕ್ಕಿಂತ ಹಳೆಯ ಎಂಜಿನ್ ಹಾಕುವ ಹಾಗಿಲ್ಲ, ಮತ್ತು ಆ ಎಂಜಿನ್ ಜೊತೆ ಬಂದ ಹೊಗೆ ನಿಯಂತ್ರಣದ ಸಾಮಾನೆಲ್ಲ ಇರಲೇಬೇಕು. ಬಾಯಿಮಾತಿನ "ಆಗುತ್ತೆ ಬಿಡಿ" ನಂಬಬೇಡಿ. ಕಾಗದದ ಮೇಲೆ ಉತ್ತರ ತರಿಸಿಕೊಳ್ಳಿ. ನನಗೆ ಉತ್ತರ ಬರಲು ಐದು ವಾರ ಆಯಿತು. ಹದಿನಾರು ತಿಂಗಳಾದ ಮೇಲೆ ಕೌಂಟರಿನಲ್ಲಿ ಬೇರೆಯವರು ಕೂತಿದ್ದರು, ಅವರು ಇದೆಲ್ಲ ಆಗಲ್ಲ ಅಂದಾಗ ಆ ಪತ್ರವೇ ನನ್ನನ್ನು ಉಳಿಸಿತು.

ಎಂಜಿನ್ ಸಿಕ್ಕಿದ್ದು ಹಿಂದಿನಿಂದ ಗುದ್ದಿಸಿಕೊಂಡ ಒಂದು 2000ದ ಕಮಾರೊ ಎಂಬ ಜಿಎಂ ಕಾರಿನಿಂದ. ಜೊತೆಗೆ ಟಿ56 ಅನ್ನುವ ಆರು ಗೇರಿನ ಗೇರ್‌ಬಾಕ್ಸ್. ಕಮಾರೊದಲ್ಲಿ ಇದ್ದಾಗಲೇ ಈ ಎಂಜಿನ್‌ಗೆ 300ಕ್ಕೂ ಜಾಸ್ತಿ ಅಶ್ವಶಕ್ತಿ, 450 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್, ಅಂದರೆ ತಿರುಗಿಸುವ ಬಲ. ಹಳೆ 1.6ರ ಟಾರ್ಕ್‌ಗೆ ಹೋಲಿಸಿದರೆ ಮೂರು ಪಟ್ಟಿಗೂ ಮೇಲೆ. ಇಲ್ಲಿ ಒಂದು ಮಾತು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ, ವೈರಿಂಗ್ ಇನ್ನೊಂದು ಕಡೆ ಅಂತ ಕಡಿಮೆ ರೇಟು ಹುಡುಕಿ ಜೋಡಿಸಬೇಡಿ. ಒಂದೇ ಕಾರಿನಿಂದ ಇಳಿಸಿದ ಪೂರ್ತಿ ಸೆಟ್ ತೊಗೊಳ್ಳಿ. ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಕಂಪ್ಯೂಟರು, ಎಲ್ಲಾ ಸೆನ್ಸರು, ಪೆಟ್ರೋಲ್ ಆವಿ ಹಿಡಿಯುವ ಇಂಗಾಲದ ಡಬ್ಬಿ ಕೂಡ. ಸುಮ್ನೆ ಹಗುರವಾಗಲಿ ಅಂತ ಆ ಕಪ್ಪು ಡಬ್ಬಿಯನ್ನು ನಾನು ಬಿಟ್ಟು ಬಂದೆ. ಅದರ ಕಥೆ ಮುಂದೆ ಬರುತ್ತದೆ.

ರಸೀದಿಯಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳಿ. ಬರೆಸಿಕೊಂಡ ನಂಬರು, ಬ್ಲಾಕಿನ ಮೇಲೆ ಕೊರೆದ ನಂಬರು ಒಂದೇನಾ ಅಂತ ಅಲ್ಲೇ ನಿಂತು ಒಂದೊಂದೇ ಅಂಕಿ ಓದಿ ನೋಡಿ. ನನ್ನ ರಸೀದಿಯಲ್ಲಿ ಒಂದು 3 ಇದ್ದ ಜಾಗಕ್ಕೆ 8 ಬಿದ್ದಿತ್ತು. ಮನೆಗೆ ಬಂದ ಮೇಲೆ ನೋಡಿದ್ದರಿಂದ ಅದನ್ನು ತಿದ್ದಿಸಲು ಎರಡು ಸಲ ಹೋಗಬೇಕಾಯಿತು. ಇನ್ನೊಂದು, ಎಂಜಿನ್ ಕೂರಿಸುವ ಮೊದಲು ಆ ನಂಬರಿನ ಫೋಟೊ ತೆಗೆದಿಡಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಗೀಚಿ ಅಚ್ಚು ತೊಗೊಳ್ಳಿ. ಎಂಜಿನ್ ಒಳಗೆ ಹೋದ ಮೇಲೆ ಹೊಗೆ ಹೊರಹೋಗುವ ಹೆಡರ್ ಪೈಪು ಅಡ್ಡ ಬಂದು ನನ್ನ ನಂಬರ್ ಕಾಣದೇ ಹೋಯಿತು.

ಆಮೇಲೆ ಕಾಯುವುದು. ವಿ8 ಕೂರಲು ಮುಂದಿನ ಸಬ್‌ಫ್ರೇಮ್, ಅಂದರೆ ಎಂಜಿನ್ ಹೊರುವ ಚೌಕಟ್ಟು, ಬದಲಾಗಬೇಕು, ಹಳೆಯದು ಎಂಜಿನ್‌ನ ಎಣ್ಣೆ ತೊಟ್ಟಿಗೆ ಅಡ್ಡ ಬರುತ್ತದೆ. ಈ ಕೆಲಸಕ್ಕೇ ಪೈಪಿನಿಂದ ಮಾಡಿದ ಸಬ್‌ಫ್ರೇಮ್ ಸಿಗುತ್ತದೆ. ಆರ್ಡರ್ ಕೊಟ್ಟ ಮೇಲೆ ಹನ್ನೊಂದು ವಾರ. ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಕೂಡ ಬದಲಾಗಲೇಬೇಕು. 1.6ರ ಜೊತೆ ಬಂದದ್ದು ತೀರಾ ಸಣ್ಣದು, ಈ ಟಾರ್ಕ್‌ಗೆ ಅದರ ಹಲ್ಲು ಉಳಿಯುವುದಿಲ್ಲ. ನಾನು ಕ್ಯಾಡಿಲಾಕ್ ಸಿಟಿಎಸ್‌ನದ್ದು ಹಾಕಿಸಿದೆ, 3.42 ಅನುಪಾತ. ಅದನ್ನು ಹಿಡಿಯುವ ಬ್ರಾಕೆಟ್ಟು, ಹೊಸ ಆಕ್ಸಲ್‌ಗಳು, ಅಳತೆಗೆ ಕತ್ತರಿಸಿದ ಪ್ರೊಪೆಲ್ಲರ್ ಶಾಫ್ಟು, ಒಂದೊಂದೂ ಬೇರೆ ಬೇರೆ ದಿನ ಬಂದವು. ಎಲ್ಲಾ ಸಾಮಾನು ಮನೆಗೆ ಬರುವವರೆಗೂ ಓಡುವ ಕಾರನ್ನು ಬಿಚ್ಚಬೇಡಿ ಅಂತ ಒಬ್ಬರು ಹೇಳಿದ್ದರು. ಆ ಮಾತು ಕೇಳಿದ್ದರಿಂದ ಆ ಮೂರು ತಿಂಗಳೂ ಹಳೆ ಎಂಜಿನ್‌ನಲ್ಲೇ ಕಾರು ಓಡಿಸಿದೆ.

ಹಳೆ ಎಂಜಿನ್ ಇಳಿಸಿದ್ದು ಒಂದು ಶನಿವಾರ. ಈ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಒಂದು ಅಲ್ಯೂಮಿನಿಯಂ ತೊಲೆ ಇರುತ್ತದೆ. ಆಕ್ಸಲರೇಟರ್ ಒತ್ತಿದ ತಕ್ಷಣ ಕಾರು ಉತ್ತರ ಕೊಡುವುದಕ್ಕೆ ಅದೂ ಒಂದು ಕಾರಣ. ಹೊಸ ಗೇರ್‌ಬಾಕ್ಸ್‌ಗೆ ಅದು ಹೊಂದುವುದಿಲ್ಲ, ತೆಗೆದು ಗೋಡೆಗೆ ನಿಲ್ಲಿಸಿದೆ. ಖಾಲಿಯಾದ ಎಂಜಿನ್ ಜಾಗ ನೋಡಿ ಹೊಟ್ಟೆಯೊಳಗೆ ಏನೋ ಆಯಿತು. ಒಂಬತ್ತು ವರ್ಷ ನನ್ನನ್ನು ಹೊತ್ತ ಎಂಜಿನ್ ನೆಲದ ಮೇಲೆ ಹಳೆ ಟೈರಿನಲ್ಲಿ ಕೂತಿತ್ತು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಕಾರಿನ ಮೈ ಗಟ್ಟಿ ಮಾಡಿಸುವುದನ್ನು ದಯವಿಟ್ಟು ಆಮೇಲೆ ನೋಡೋಣ ಅಂತ ಬಿಡಬೇಡಿ. ಮೇಲೆ ಛಾವಣಿ ಇಲ್ಲದ ಕಾರು ನಡುವಿನಲ್ಲಿ ಬಾಗುತ್ತದೆ. ಜಾಕ್ ಮೇಲೆ ಎತ್ತಿ ಬಾಗಿಲು ಹಾಕಿ ನೋಡಿ, ಬಾಗಿಲಿನ ಸಂದು ಬದಲಾಗಿರುವುದು ಕಣ್ಣಿಗೇ ಕಾಣುತ್ತದೆ. ನೆಲದಡಿಯ ಚಾಸಿ ಪಟ್ಟಿಗಳಿಗೆ ಹೊಸ ಉಕ್ಕಿನ ಪಟ್ಟಿ ವೆಲ್ಡ್ ಮಾಡಿಸಿದೆ. ಆಗ ಬಾಗಿಲು ಮುಚ್ಚಿರಬೇಕು, ಕಾರಿನ ಭಾರ ಚಕ್ರದ ಮೇಲೆ ನಿಂತ ಹಾಗೇ ಇರಬೇಕು. ಬಾಗಿದ ಸ್ಥಿತಿಯಲ್ಲಿ ವೆಲ್ಡ್ ಆದರೆ ಅದು ಹಾಗೇ ನಿಂತುಬಿಡುತ್ತದೆ, ಆಮೇಲೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಸೀಟಿನ ಹಿಂದೆ ರೋಲ್ ಬಾರ್ ಹಾಕಿಸಿದೆ. ಪಲ್ಟಿಯಾದರೆ ತಲೆ ಉಳಿಸುವುದು ಅದೊಂದೇ. ಸೀಟಿನಲ್ಲಿ ಕೂತು, ರೋಲ್ ಬಾರ್ ಮೇಲಿಂದ ಮುಂದಿನ ಗಾಜಿನ ಚೌಕಟ್ಟಿನ ಮೇಲಕ್ಕೆ ಒಂದು ಕೋಲು ಅಡ್ಡ ಇಡಿಸಿ ನೋಡಿ. ತಲೆ ಅದಕ್ಕೆ ತಗುಲಬಾರದು. ನನಗೆ ತಗುಲಿತು, ಸೀಟಿನ ಫೋಮ್ ಕತ್ತರಿಸಿ ಕೆಳಗಿಳಿಸಿಕೊಂಡೆ.

ವೆಲ್ಡಿಂಗ್ ಮಾಡಿಕೊಟ್ಟವರು ವಯಸ್ಸಾದವರು, ಮಾತು ಕಡಿಮೆ. ಎಂಜಿನ್ ಮೊದಲ ಸಲ ಸಬ್‌ಫ್ರೇಮ್ ಮೇಲೆ ಕೂತಾಗ ನನಗೆ ಕುಣಿಯುವಷ್ಟು ಖುಷಿ. ಅವರು ಟಾರ್ಚ್ ಹಿಡಿದು ಎರಡು ಸುತ್ತು ಹಾಕಿ, "ನೋಡಪ್ಪಾ, ಇವತ್ತಿಂದ ನಿನ್ ಕೆಲ್ಸ ಶುರು" ಅಂದರು. ಆಗ ಅರ್ಥವಾಗಲಿಲ್ಲ. ಎಂಜಿನ್ ಕೂರಿಸಲು ಒಂದೂವರೆ ದಿನ ಸಾಕಾಯಿತು. ಅದು ಉಸಿರಾಡಲು, ತಣ್ಣಗಿರಲು, ಪಕ್ಕದಲ್ಲಿರುವ ಇನ್ನೊಂದನ್ನು ಸುಡದಿರಲು ಒಂಬತ್ತು ತಿಂಗಳು ಬೇಕಾಯಿತು.

ಮೊದಲು ಜಾಗ. ಗೇರ್‌ಬಾಕ್ಸ್ ಕೂರಲು ನಡುವಿನ ಸುರಂಗದ ತಗಡನ್ನು ಕೆಲವು ಕಡೆ ಸುತ್ತಿಗೆಯಲ್ಲಿ ಬಡಿದು ಒಳಗೆ ತಳ್ಳಬೇಕಾಯಿತು. ಬಾನೆಟ್ ತಗುಲುತ್ತದಾ ಅಂತ ನೋಡಲು ಮಕ್ಕಳಾಡುವ ಬಣ್ಣದ ಮಣ್ಣಿನ ಉಂಡೆಗಳನ್ನು ಎಂಜಿನ್ ಮೇಲೆ ಅಲ್ಲಲ್ಲಿ ಇಟ್ಟೆ. ನಿಧಾನಕ್ಕೆ ಬಾನೆಟ್ ಮುಚ್ಚಿ ತೆಗೆದು, ಚಪ್ಪಟೆಯಾದ ಉಂಡೆಯ ದಪ್ಪ ಅಳೆದೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಮೇಲಿನದ್ದು ನಾಲ್ಕು ಮಿಲಿಮೀಟರ್ ಉಳಿದಿತ್ತು. ನಾಲ್ಕು ಸಾಲದು. ಓಡುವಾಗ ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗುತ್ತದೆ, ಒಂದು ಬೆರಳು ಆಡುವಷ್ಟಾದರೂ ಜಾಗ ಬೇಕು. ಮೌಂಟಿನ ಕೆಳಗಿನ ವಾಷರ್ ತೆಗೆದು ಇಳಿಸಿದೆ, ಮತ್ತೆ ಮಣ್ಣಿಟ್ಟು ಮತ್ತೆ ಅಳೆದೆ. ಸ್ಟೀರಿಂಗ್ ಶಾಫ್ಟಿಗೂ ಎಡಗಡೆ ಹೆಡರಿಗೂ ನಡುವೆಯೂ ಇದೇ ಪಾಡು.

ಗೇರ್‌ಬಾಕ್ಸ್ ಜೋಡಿಸುವವರಿಗೆ ಒಂದು ವಿಷಯ ಮುಖ್ಯವಾಗಿ ಹೇಳಬೇಕು. ಈ ಟಿ56ರಲ್ಲಿ ಕ್ಲಚ್ ಒತ್ತುವ ಸಿಲಿಂಡರ್ ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ ಒಳಗಿರುತ್ತದೆ. ಅದರ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯುವ ತಿರುಪೂ ಅಲ್ಲೇ. ಕಾರಿನೊಳಗೆ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಕೂರಿಸುವ ಮೊದಲೇ ಒಂದು ಉದ್ದದ ಪೈಪು ಜೋಡಿಸಿ, ತಿರುಪನ್ನು ಎಂಜಿನ್ ಪಕ್ಕದವರೆಗೆ ಎಳೆದು ತನ್ನಿ. ನಾನು ಹಾಗೆ ಮಾಡಿರಲಿಲ್ಲ. ಗಾಳಿ ಹೋಗಲಿಲ್ಲ, ಪೆಡಲ್ ಗಟ್ಟಿಯಾಗಲಿಲ್ಲ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಯಿತು. ಎರಡು ಶನಿವಾರ, ಎರಡು ಭಾನುವಾರ ಹೋದವು.

ಇಂಧನದ್ದು ಸಲೀಸಾಗಿ ಆಯಿತು. ಎಲ್ಎಸ್1ಗೆ 58 ಪಿಎಸ್‌ಐ ಒತ್ತಡ ಬೇಕು. ಟ್ಯಾಂಕಿನೊಳಗೆ ಜೋರಾದ ಪಂಪು, ಹೊರಗೆ ಸಿ5 ಕಾರ್ವೆಟ್‌ನ ಫಿಲ್ಟರು. ಆ ಫಿಲ್ಟರಿನಲ್ಲೇ ಒತ್ತಡ ಕಾಯುವ ರೆಗ್ಯುಲೇಟರ್ ಕೂಡ ಇರುತ್ತದೆ, ಕೆಲಸ ಸುಲಭ.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಬಂತು. ಇಂಜೆಕ್ಟರ್ ಫ್ಯೂಸ್, ಕಾಯಿಲ್ ಫ್ಯೂಸ್ ಎರಡೂ ತೆಗೆದು ಸುಮ್ನೆ ಸ್ಟಾರ್ಟರ್ ತಿರುಗಿಸಿದೆ, ಎಣ್ಣೆ ಒತ್ತಡದ ಮುಳ್ಳು ಮೇಲೇಳುವವರೆಗೆ. ತಿಂಗಳುಗಟ್ಟಲೆ ನಿಂತ ಎಂಜಿನ್‌ಗೆ ಇದನ್ನು ಮರೆಯದೇ ಮಾಡಿ. ಮೂರನೇ ಸಲಕ್ಕೆ ಮುಳ್ಳು ಎದ್ದಿತು. ಫ್ಯೂಸ್ ಹಾಕಿ ಕೀ ತಿರುಗಿಸಿದೆ. ಹತ್ತಿಕೊಂಡಿತು! ಎರಡು ಸೆಕೆಂಡಿನಲ್ಲಿ ಆರಿಹೋಯಿತು. ಮತ್ತೆ ತಿರುಗಿಸಿದೆ, ಮತ್ತೆ ಎರಡೇ ಸೆಕೆಂಡು. ಪಂಪು ನೋಡಿದೆ, ನೆಲದ ವೈರು ನೋಡಿದೆ, ಕ್ರ್ಯಾಂಕ್ ಸೆನ್ಸರ್ ಬದಲಿಸಿದೆ. ಹತ್ತು ದಿನ ಆದ ಮೇಲೆ ಗೊತ್ತಾಯಿತು, ಕಮಾರೊದ ಕಂಪ್ಯೂಟರು ತನ್ನ ಹಳೆ ಕೀಲಿಯನ್ನು ಹುಡುಕುತ್ತಿದೆ, ಸಿಗದಿದ್ದಕ್ಕೆ ಕಳ್ಳತನ ಅಂದುಕೊಂಡು ಇಂಧನ ನಿಲ್ಲಿಸುತ್ತಿದೆ. ಆ ಕಾವಲನ್ನು ಕಂಪ್ಯೂಟರಿನಲ್ಲಿ ತೆಗೆಸಿಬಿಡಬೇಕು, ಗೊತ್ತಿರುವವರಿಗೆ ಅರ್ಧ ಗಂಟೆಯ ಕೆಲಸ. ತೆಗೆಸಿದ ಮೇಲೆ ಎಂಜಿನ್ ಸ್ಥಿರವಾಗಿ ಓಡಿತು. ಎಂಟು ಸಿಲಿಂಡರ್‌ನ ಆ ಗುಡುಗು ಕೇಳಿ ಮನೆಯವರೆಲ್ಲ ಹೊರಗೆ ಬಂದು ನಿಂತರು. ನನ್ನ ಕೈ ನಡುಗುತ್ತಿತ್ತು.

ಖುಷಿ ಹನ್ನೆರಡು ನಿಮಿಷ. ನಿಂತಲ್ಲೇ ಎಂಜಿನ್ ಬಿಸಿ ಏರತೊಡಗಿತು.

ಈ ಬಿಸಿಯ ಸಮಸ್ಯೆ ನನ್ನ ಆರು ವಾರ ತಿಂದಿತು. ಮೊದಲು ಗಾಳಿಗುಳ್ಳೆ ಅಂದುಕೊಂಡೆ. ಎಲ್ಎಸ್ ಹೆಡ್‌ಗಳ ಮೇಲಿಂದ ಆವಿ ಹೊರಹೋಗಲು ಸಣ್ಣ ಪೈಪು ಇರುತ್ತದೆ. ಅದು ರೇಡಿಯೇಟರಿನ ಎತ್ತರದ ಜಾಗಕ್ಕೋ ಕೂಲೆಂಟ್ ಡಬ್ಬಿಗೋ ಹೋಗಬೇಕು, ಮುಚ್ಚಬಾರದು. ನನ್ನದು ಸರಿಯಾಗೇ ಇತ್ತು. ಥರ್ಮೋಸ್ಟಾಟ್ ಬದಲಿಸಿದೆ, ಕೂಲೆಂಟ್ ಬದಲಿಸಿದೆ, ಇನ್ನೂ ದೊಡ್ಡ ರೇಡಿಯೇಟರ್ ನೋಡತೊಡಗಿದೆ. ಒಂದು ಸಂಜೆ ವೆಲ್ಡಿಂಗ್‌ನವರು ಬಂದರು. ಜೇಬಿನಿಂದ ರಸೀದಿ ಕಾಗದವೊಂದನ್ನು ತೆಗೆದು ರೇಡಿಯೇಟರಿನ ಮುಂದೆ ಹಿಡಿದರು. ಫ್ಯಾನ್ ತಿರುಗುತ್ತಿತ್ತು. ಕಾಗದ ರೇಡಿಯೇಟರಿಗೆ ಅಂಟಬೇಕಿತ್ತು. ಅಂಟಲಿಲ್ಲ, ಹಾರಿ ಅವರ ಅಂಗಿಗೆ ಬಡಿಯಿತು. ಎರಡು ಫ್ಯಾನುಗಳಲ್ಲಿ ಒಂದರ ವೈರು ಅದಲುಬದಲಾಗಿ ಅದು ಗಾಳಿಯನ್ನು ಮುಂದಕ್ಕೆ ಊದುತ್ತಿತ್ತು, ಇನ್ನೊಂದು ಒಳಕ್ಕೆ ಎಳೆಯುತ್ತಿತ್ತು. ವೈರು ತಿರುಗಿಸಿದ್ದೇ ಅರ್ಧ ಕಾಯಿಲೆ ಹೋಯಿತು. ಉಳಿದರ್ಧ ರೇಡಿಯೇಟರಿನ ಪಕ್ಕದ ಸಂದುಗಳದ್ದು. ಗಾಳಿ ಸುಲಭದ ದಾರಿ ಹಿಡಿಯುತ್ತದೆ, ಸಂದಿದ್ದರೆ ರೇಡಿಯೇಟರಿನೊಳಗೆ ಹೋಗುವುದೇ ಇಲ್ಲ. ಅಲ್ಯೂಮಿನಿಯಂ ತಗಡು ಕತ್ತರಿಸಿ, ಫೋಮ್ ಪಟ್ಟಿ ಅಂಟಿಸಿ ಎಲ್ಲಾ ಸಂದು ಮುಚ್ಚಿದೆ. ಈಗ ಬಿಸಿಲಿನ ಟ್ರಾಫಿಕ್‌ನಲ್ಲಿ ನಿಂತರೂ ಮುಳ್ಳು ಅಲುಗುವುದಿಲ್ಲ. ದೊಡ್ಡ ರೇಡಿಯೇಟರಿಗೆ ದುಡ್ಡು ಸುರಿಯುವ ಮೊದಲು ಒಂದು ಕಾಗದ ಹಿಡಿದು ನೋಡಿ.

ಇನ್ನೊಂದು ಬಿಸಿ ಬೇರೆ ಥರದ್ದು. ಹೆಡರ್ ಪೈಪಿನ ಪಕ್ಕ ಕ್ಲಚ್ಚಿನ ಎಣ್ಣೆ ಪೈಪು ಹೋಗುತ್ತಿತ್ತು. ಪರೀಕ್ಷೆಗೆ ಓಡಿಸುವಾಗ ನಲವತ್ತು ನಿಮಿಷ ಆದ ಮೇಲೆ ಕ್ಲಚ್ ಪೆಡಲ್ ನೆಲಕ್ಕೆ ಹೋಯಿತು, ವಾಪಸ್ ಬರಲೇ ಇಲ್ಲ. ಪೈಪಿನೊಳಗೆ ಎಣ್ಣೆ ಕುದಿದಿತ್ತು. ಅದೃಷ್ಟಕ್ಕೆ ಅದು ಖಾಸಗಿ ಮೈದಾನ. ಪೈಪಿನ ದಾರಿ ಬದಲಿಸಿದೆ, ಶಾಖ ತಡೆಯುವ ಕವಚ ತೊಡಿಸಿದೆ, ನಡುವೆ ತಗಡಿನ ಅಡ್ಡಗೋಡೆ ಹಾಕಿದೆ. ಸ್ಟಾರ್ಟರ್ ಮೋಟಾರಿಗೂ ಹಾಗೇ. ಹೆಡರಿಗೆ ಅಂಗೈ ಅಗಲದೊಳಗೆ ಇರುವ ಪ್ರತಿ ವೈರು, ಪ್ರತಿ ಪೈಪನ್ನೂ ಸುಡುತ್ತದೆ ಅಂತಲೇ ಲೆಕ್ಕ ಹಾಕಿ.

ಬ್ರೇಕು ದೊಡ್ಡದು ಮಾಡಿಸಿದೆ. ಹಳೆ ಕಾರಿನ ಮುಂದಿನ ಡಿಸ್ಕ್ 235 ಮಿಲಿಮೀಟರ್ ಅಷ್ಟೇ, ಈ ವೇಗಕ್ಕೆ ಅದು ಸಾಲುವುದಿಲ್ಲ. ಗಾಳಿ ತೆಗೆಯುವ ದಿನ ನನ್ನ ಹೆಂಡತಿ ಸೀಟಿನಲ್ಲಿ ಕೂತು ಪೆಡಲ್ ಒತ್ತಿದಳು, ನಾನು ಚಕ್ರದ ಹತ್ತಿರ ಮಲಗಿದ್ದೆ. ಒತ್ತು, ಹಿಡಿ, ಬಿಡು. ಒತ್ತು, ಹಿಡಿ, ಬಿಡು. ಎರಡು ಗಂಟೆ. ಕೊನೆಗೆ "ಗಟ್ಟಿ ಆಯ್ತು ಕಣ್ರೀ, ಕಲ್ಲಿನ ಥರ ಇದೆ" ಅಂದಳು. ಇಷ್ಟು ತಿಂಗಳಲ್ಲಿ ಅವಳು ಒಂದು ಸಲವೂ ಯಾಕೆ ಬೇಕಿತ್ತು ಅಂತ ಕೇಳಲಿಲ್ಲ. ಅದನ್ನು ಇಲ್ಲಿ ಬರೆಯಲೇಬೇಕು.

ಇನ್ನು ಕಾಗದಪತ್ರ. ಕೇಳಿದ ದಾಖಲೆಗಳು ಇವು: ಎಂಜಿನ್ ಕೊಂಡ ರಸೀದಿ, ಎಂಜಿನ್ ತೆಗೆದ ಕಾರನ್ನು ನೋಂದಣಿಯಿಂದ ಕೈಬಿಟ್ಟ ಪತ್ರ, ಮಾನ್ಯತೆ ಇರುವ ಎಂಜಿನಿಯರ್ ಕೊಟ್ಟ ವರದಿ, ತೂಕದ ಚೀಟಿ, ಬ್ರೇಕ್ ಪರೀಕ್ಷೆಯ ಫಲಿತಾಂಶ, ಹೊಗೆ ಮತ್ತು ಶಬ್ದದ ಪರೀಕ್ಷೆ. ಎಂಜಿನಿಯರ್ ಅವರನ್ನು ಕೆಲಸ ಮುಗಿದ ಮೇಲೆ ಕರೆಯಬೇಡಿ, ಮೊದಲೇ ಕರೆಯಿರಿ. ನನ್ನ ವೆಲ್ಡಿಂಗ್ ನೋಡಲು ಅವರು ಕಾರ್ಪೆಟ್ಟು, ಸೀಟು ಎಲ್ಲಾ ಮತ್ತೆ ಬಿಚ್ಚಿಸಿದರು. ಕೆಲಸ ನಡೆಯುವಾಗ ತೆಗೆದ ಫೋಟೊಗಳು ಇದ್ದದ್ದರಿಂದ ಉಳಿದದ್ದನ್ನು ಒಪ್ಪಿದರು. ತೂಕದ ಚೀಟಿ ನೋಡಿ ನನಗೇ ಸಮಾಧಾನವಾಯಿತು. ಮೊದಲು ತೂಗಿಸಿದಾಗ 965 ಕೆಜಿ ಇತ್ತು, ಈಗ 1148. ಮುಂದಿನ ಚಕ್ರಗಳ ಮೇಲೆ ನೂರಕ್ಕೆ 53 ಭಾಗ. ಮೂತಿ ಭಾರವಾಗಿಬಿಡುತ್ತದೆ ಅಂತ ಹೆದರಿಸಿದವರೆಲ್ಲ ಈ ಚೀಟಿ ನೋಡಬೇಕಿತ್ತು.

ತಪಾಸಣೆಯ ದಿನಾಂಕ ಸಿಗಲು ಏಳು ವಾರ. ಮೊದಲ ಸಲ ಫೇಲಾಯಿತು. ಕಾರಣ ಎರಡು. ಶಬ್ದ ಮಿತಿಗಿಂತ ಜಾಸ್ತಿ. ಮತ್ತೆ ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿಯುವ ಇಂಗಾಲದ ಡಬ್ಬಿ ಇಲ್ಲ, ಅದೇ ನಾನು ಬಿಟ್ಟು ಬಂದ ಡಬ್ಬಿ. ಎಂಜಿನ್ ಇಳಿಸಿದ ಗುಜರಿಗೆ ವಾಪಸ್ ಹೋದರೆ ಆ ಕಾರು ಯಾವತ್ತೋ ಪುಡಿಯಾಗಿ ಹೋಗಿತ್ತು. ಬೇರೆ ಕಡೆ ಹುಡುಕಿ ತಂದು ಹಾಕಿಸಿ, ಸೈಲೆನ್ಸರ್ ಬದಲಿಸಿ, ಮತ್ತೆ ಐದು ವಾರ ಕಾದು ಎರಡನೇ ಸಲಕ್ಕೆ ಪಾಸಾಯಿತು. ಎಂಜಿನ್ ನಂಬರ್ ಕಾಣುತ್ತಿಲ್ಲ ಅಂದರು. ಪೆನ್ಸಿಲ್ ಅಚ್ಚು ತೋರಿಸಿದೆ. ಅವರು ಸಣ್ಣ ಕನ್ನಡಿ ಒಳಗೆ ತೂರಿಸಿ ಕಾಣುವಷ್ಟು ಅಂಕಿಗಳನ್ನು ಅಚ್ಚಿಗೆ ಹೋಲಿಸಿ ನೋಡಿದರು. ಅಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಇನ್ಶೂರೆನ್ಸ್‌ಗೆ ಎರಡು ಕಡೆ ಆಗಲ್ಲ ಅಂದರು. ಮೂರನೆಯವರು ಎಂಜಿನಿಯರ್ ವರದಿ, ಎಲ್ಲಾ ರಸೀದಿ, ಫೋಟೊ ತೊಗೊಂಡು, ಕಾರಿನ ಬೆಲೆ ಇಷ್ಟು ಅಂತ ಮೊದಲೇ ಒಪ್ಪಂದ ಮಾಡಿಕೊಂಡು ಪಾಲಿಸಿ ಕೊಟ್ಟರು. ಎಂಜಿನ್ ಬದಲಿಸಿದ್ದನ್ನು ಹೇಳದೇ ಹಳೆ ಪಾಲಿಸಿಯಲ್ಲೇ ಓಡಿಸುವವರು ಇದ್ದಾರೆ. ಅಪಘಾತವಾದ ದಿನ ಆ ಪಾಲಿಸಿಗೆ ಬೆಲೆ ಇರುವುದಿಲ್ಲ, ಎದುರಿನವರ ಗತಿ ಏನು ಅಂತಲೂ ಯೋಚಿಸಬೇಕು ಅಲ್ವಾ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಟ್ಟು ಖರ್ಚು ನೂರು ಅಂದುಕೊಂಡರೆ, ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಹೋದದ್ದು 22. ಸಬ್‌ಫ್ರೇಮ್, ಹೆಡರ್, ಡಿಫರೆನ್ಷಿಯಲ್, ಆಕ್ಸಲ್ ಎಲ್ಲಾ ಸೇರಿ 36. ಬ್ರೇಕು, ಟೈರು, ಸಸ್ಪೆನ್ಷನ್, ರೋಲ್ ಬಾರ್ 17. ಕಾಗದಪತ್ರ, ಪರೀಕ್ಷೆ 8. ಉಳಿದ 17 ಹೋದದ್ದು ಪೈಪು, ಕ್ಲಾಂಪು, ಫಿಟ್ಟಿಂಗು, ಎಣ್ಣೆ, ಗ್ಯಾಸ್ಕೆಟ್ಟು, ಶಾಖದ ಕವಚ, ಎರಡೆರಡು ಸಲ ಕೊಂಡ ಸಾಮಾನು, ಇಂಥವಕ್ಕೆ. ಈ ಕೊನೆಯ 17 ನನ್ನ ಮೊದಲ ಲೆಕ್ಕದಲ್ಲಿ ಇರಲೇ ಇಲ್ಲ. ಕಾರು ಕೊಂಡ ದುಡ್ಡಿನ ಆರು ಪಟ್ಟು ಅದರ ಮೇಲೆ ಹಾಕಿದ್ದೇನೆ. ಮಾರಿದರೆ ಅಷ್ಟು ವಾಪಸ್ ಬರುವುದಿಲ್ಲ, ಅದು ಗೊತ್ತಿದ್ದೇ ಮಾಡಿದ್ದು.

ಈಗ ಓಡಿಸುವುದರ ಬಗ್ಗೆ. ಮೊದಲ ತಿಂಗಳು ಈ ಕಾರು ನನಗೆ ಗೊತ್ತಿಲ್ಲ ಅಂತಲೇ ಓಡಿಸಿ. ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಮುಂದಿನ ಹಿಂದಿನ ಚಕ್ರಗಳ ನಡುವೆ 2265 ಮಿಲಿಮೀಟರ್ ಅಷ್ಟೇ. ಹಿಂಭಾಗ ಜಾರಿದರೆ ತುಂಬಾ ಬೇಗ ಸುತ್ತುತ್ತದೆ. ನಾನು ಚಾಲನೆ ಕಲಿಸುವ ಮೈದಾನದಲ್ಲಿ ಒಂದು ಇಡೀ ದಿನ ತರಬೇತಿ ತೊಗೊಂಡೆ. ಮೊದಲ ಅರ್ಧ ಗಂಟೆಯಲ್ಲೇ ಸುತ್ತಿಹೋದೆ. ಎರಡನೇ ಗೇರ್, ಟೈರ್ ಇನ್ನೂ ತಣ್ಣಗಿತ್ತು, ತಿರುವಿನ ನಡುವೆ ಆಕ್ಸಲರೇಟರ್ ಸ್ವಲ್ಪ ಜಾಸ್ತಿ ಆಯಿತು. ಹಿಂಭಾಗ ಜಾರಿತು, ಹೆದರಿ ಕಾಲು ಪೂರ್ತಿ ಎತ್ತಿದೆ. ಎತ್ತಿದ್ದಕ್ಕೇ ಕಾರು ತಿರುಗಿ ಬಂದ ದಾರಿಯನ್ನೇ ನೋಡುತ್ತ ನಿಂತಿತು. ಸ್ವಲ್ಪವೇ ಸಡಿಲಿಸಿ, ಸ್ಟೀರಿಂಗನ್ನು ಜಾರುವ ಕಡೆಗೆ ತಿರುಗಿಸುವುದನ್ನು ಅವತ್ತು ಇಪ್ಪತ್ತು ಮೂವತ್ತು ಸಲ ಮಾಡಿಸಿದರು. ಮಳೆಯ ದಿನ ಕಾರು ತೆಗೆಯುವುದಿಲ್ಲ. ತೆಗೆಯಲೇಬೇಕಾದರೆ ಮೂರನೇ ಗೇರಿನಲ್ಲೇ ನಿಧಾನಕ್ಕೆ ಹೋಗುತ್ತೇನೆ.

ಆದರೆ ಸುಮ್ನೆ ಓಡಾಡಲು ಇದು ಎಷ್ಟು ಸಾಧು ಅಂತ ನಾನು ಊಹಿಸಿರಲಿಲ್ಲ. ಈ ಗೇರ್‌ಬಾಕ್ಸಿನ ಆರನೇ ಗೇರ್ 0.50, ಅಂದರೆ ಎಂಜಿನ್ ಅರ್ಧ ಸುತ್ತು ತಿರುಗಿದರೆ ಹಿಂದಿನ ಶಾಫ್ಟು ಒಂದು ಸುತ್ತು ತಿರುಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ 1,550 ಆರ್‌ಪಿಎಂ ಆಸುಪಾಸು ತಿರುಗುತ್ತದೆ. ಹಳೆ ಎಂಜಿನ್ ಐದನೇ ಗೇರಿನಲ್ಲಿ ಅದೇ ವೇಗಕ್ಕೆ 3,200 ತಿರುಗುತ್ತಿತ್ತು. ಟಾಪು ಇಳಿಸಿ ಹೆದ್ದಾರಿಯಲ್ಲಿ ಹೋದರೆ ಗಾಳಿಯ ಸದ್ದೇ ಜಾಸ್ತಿ, ಎಂಜಿನ್ ಎಲ್ಲೋ ದೂರದಲ್ಲಿ ಗುನುಗಿದ ಹಾಗೆ. ಸ್ಟೀರಿಂಗ್ ಒಂದು ಚೂರು ಭಾರವಾಗಿದೆ, ಆದರೆ ರಸ್ತೆಯ ಪ್ರತಿ ಗೆರೆ ಇನ್ನೂ ಅಂಗೈಗೆ ಗೊತ್ತಾಗುತ್ತದೆ. ನಾನು ಹೆದರಿದ್ದು ಅದೊಂದಕ್ಕೇ. ಆ ಹಳೆ ಕಾರಿನ ಹಗುರತನ ಕಳೆದುಹೋದರೆ ಇಷ್ಟೆಲ್ಲ ಮಾಡಿ ಏನು ಬಂತು ಅಂತ ಎಷ್ಟೋ ರಾತ್ರಿ ಯೋಚಿಸಿದ್ದೆ. ಕಳೆದುಹೋಗಿಲ್ಲ. ಬಲಗಾಲಿನ ಪಕ್ಕದ ಸುರಂಗ ಮಾತ್ರ ಬಿಸಿ, ಅರ್ಧ ಗಂಟೆ ಆದ ಮೇಲೆ ಮೊಣಕಾಲು ಒರಗಿಸಲು ಆಗುವುದಿಲ್ಲ. ಕಾರ್ಪೆಟ್ ಕೆಳಗೆ ಇನ್ನೊಂದು ಪದರ ಶಾಖದ ಹೊದಿಕೆ ಹಾಕಬೇಕು.

ನೋಂದಣಿ ಪತ್ರ ಬಂದ ಸಂಜೆ ವೆಲ್ಡಿಂಗ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಟಾಪು ಇಳಿಸಿದ್ದೆ. ಒಂದು ಉದ್ದ ಗೋಡೆಯ ಪಕ್ಕ ಮೂರನೇ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಸದ್ದು ಗೋಡೆಗೆ ಬಡಿದು ವಾಪಸ್ ಬಂತು. ಅವರು ಕಣ್ಣು ಮುಚ್ಚಿ ಕೂತಿದ್ದರು. ಖುಷಿಪಡುತ್ತಿದ್ದಾರೆ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ "ಎಡಗಡೆ ಹೆಡರ್ ಬೋಲ್ಟು ಒಂದು ಸಡಿಲ ಆಗಿದೆ ಕಣಪ್ಪಾ. ಬಿಸಿ ಆರಿದ್ಮೇಲೆ ನೋಡು" ಅಂದರು. ನನಗೆ ಏನೂ ಕೇಳಿಸಿರಲಿಲ್ಲ.

ಬೆಳಿಗ್ಗೆ ಎದ್ದು ಸ್ಪಾನರ್ ಹಿಡಿದು ಒಂದೊಂದೇ ನೋಡಿದೆ. ಹಿಂದಿನಿಂದ ಎರಡನೇ ಬೋಲ್ಟು. ಕಾಲು ಸುತ್ತು ತಿರುಗಿತು.